ಬೂಟು ಬಿಚ್ಚಿದ ಮೇಲೆ ತಮಟೆ ಹಿಡಿ ಎನ್ನುವವರಿಗೆ

ಪ್ರತಿವರ್ಷ ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯಲ್ಲಿ ಮಿಲಿಟ್ರಿ ತಾತನಿಗೆ ಶಾಲು ಹೊದಿಸುತ್ತಾರೆ. ಊರ ಹಿರಿಯರು ಭಾಷಣ ಮಾಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಜಾತ್ರೆ ಬಂತೆಂದರೆ ಅದೇ ಹಿರಿಯರು ನಮ್ಮ ಕೇರಿಗೆ ಆಳು ಕಳಿಸುತ್ತಾರೆ: 'ಈ ಸಲ ನಿಮ್ಮ ಮನೆ ಸರದಿ. ತಮಟೆ ಕಾಯಿಸ್ಕೊಂಡು ಬರ್ಬೇಕಂತೆ.'

ಈ ವರ್ಷ ತಾತ ಹೋಗಲಿಲ್ಲ. ಮೊಮ್ಮಕ್ಕಳಾದ ನಾವೂ ಹೋಗಲಿಲ್ಲ. ಊರು ಕೇಳಿತು: 'ದೇಶದ ಸೇವೆ ಮಾಡ್ದೋನಿಗೆ ದೇವ್ರ ಸೇವೆ ಮಾಡಕ್ಕೆ ನಾಚ್ಕೆಯಾ?' ಪೇಟೆಯ ಕಲಾಪ್ರೇಮಿಗಳು ಇನ್ನೊಂದು ಮಾತು ಹೇಳಿದರು: 'ತಮಟೆ ನಿಮ್ಮ ಪರಂಪರೆ. ನೀವೇ ಬಿಟ್ಟರೆ ಕಲೆ ಉಳಿಯುವುದು ಹೇಗೆ?'

ಇಬ್ಬರಿಗೂ ಉತ್ತರ ಕೊಡಬೇಕಾಗಿದೆ. ಆ ಉತ್ತರಕ್ಕೆ ನಾವು ದೊಡ್ಡ ಪುಸ್ತಕ ಹುಡುಕಬೇಕಿಲ್ಲ. ತಾತ ದಿನಾ ಸಂಜೆ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿ ಆಡುವ ಮಾತಿನಲ್ಲೇ ಅದು ಇದೆ.

ತಾತ ಹದಿನೆಂಟನೇ ವಯಸ್ಸಿಗೆ ಬೆಂಗಳೂರಿನ ಹಲಸೂರು ಕೆರೆ ಬಳಿಯ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದವನು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹೂತ ಬಾಂಬು ತೆಗೆಯುವುದು ಅವರ ಕೆಲಸ. 1971ರ ಡಿಸೆಂಬರ್‌ನಲ್ಲಿ ಬಸಂತರ್ ನದಿಯ ಹತ್ತಿರ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲು ಬಾಂಬು ತುಂಬಿದ ನೆಲ ಶೋಧಿಸಿದವರಲ್ಲಿ ಅವನೂ ಒಬ್ಬ. ಆ ಕಥೆ ಕೇಳಿದರೆ ಎರಡೇ ಮಾತಲ್ಲಿ ಮುಗಿಸುತ್ತಾನೆ: 'ನೆಲ ತಡವ್ತಾ ಹೋಗಾದು. ಕೈ ನಡುಗ್ಬಾರ್ದು, ಅಷ್ಟೇಯ.' ಬಡಾಖಾನಾ ಕಥೆಯಾದರೆ ಬೀಡಿ ಆರಿದರೂ ಮುಗಿಯುವುದಿಲ್ಲ.

ಬಡಾಖಾನಾ ಅಂದರೆ ಪಲ್ಟನ್ನಿನ ಊಟ. ಆಫೀಸರ್, ಜವಾನ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಊಟಕ್ಕೆ ಮುಂಚೆ ಹಾಡು, ಕುಣಿತ. ಒಂದು ಸಲ ತಾತ ಖಾಲಿ ಜೆರ್ರಿಕ್ಯಾನ್ ಎಳೆದುಕೊಂಡು, ಎರಡು ಕಡ್ಡಿ ಹಿಡಿದು, ಅವರಪ್ಪ ಕಲಿಸಿದ ತಮಟೆಯ ಪೆಟ್ಟು ಹಾಕಿದನಂತೆ. 'ಸಾಹೇಬ ಎದ್ದು ಕುಣುದ ಕಣ್ರಲಾ. ಆಮ್ಯಾಕೆ ಅವ್ನೇ ನನ್ ತಟ್ಟೆಗೆ ಸಾರು ಹಾಕ್ದ.' ಇಷ್ಟು ಹೇಳಿ ತಾತ ಸುಮ್ಮನಾಗುತ್ತಾನೆ. ರಜೆಗೆ ಬಂದಾಗ ಅದೇ ಪೆಟ್ಟನ್ನು ಊರ ಜಾತ್ರೆಯಲ್ಲಿ ಹಾಕಿದ್ದ. ಅಲ್ಲಿ ಸಿಕ್ಕಿದ್ದು ಎತ್ತರದಿಂದ ಸೆರಗಿಗೆ ಎಸೆದ ಮುದ್ದೆ. ಕೈ ಒಂದೇ. ಪೆಟ್ಟು ಒಂದೇ. ಅಲ್ಲಿ ಮನಸ್ಸಿಗೆ ಬಂದು ಬಡಿದ, ಇಲ್ಲಿ ಹೇಳಿಸಿಕೊಂಡು ಬಡಿದ. ಅಲ್ಲಿ ಪಂಕ್ತಿಯಲ್ಲಿ ಕೂತ, ಇಲ್ಲಿ ಗುಡಿಯ ಹೊರಗೆ ನಿಂತ.

ಪರಂಪರೆ ಎನ್ನುವವರೇ, ಈ ಎರಡರಲ್ಲಿ ಯಾವುದು ನಮ್ಮ ಪರಂಪರೆ? ಪೆಟ್ಟು ನಮ್ಮದು, ಒಪ್ಪುತ್ತೇವೆ. ಆ ಮುದ್ದೆ ಯಾರದು? ಅದು ನಿಮ್ಮ ಪರಂಪರೆ. ಅದನ್ನು ನೀವೇ ಇಟ್ಟುಕೊಳ್ಳಿ.

ಹಾಗಂತ ಮಿಲಿಟ್ರಿ ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ಅಂಬೇಡ್ಕರರ ಮನೆತನ ನೋಡಿ. ಅಜ್ಜ ಮಾಲೋಜಿ ಸಿಪಾಯಿ. ತಂದೆ ರಾಮಜಿ ಸುಬೇದಾರ್, ಸೇನೆಯ ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ಕಬೀರಪಂಥ, ಭಜನೆ, ಹಾಡು. ಮಗು ಹುಟ್ಟಿದ್ದೇ 1891ರಲ್ಲಿ ಮ್ಹೌ ದಂಡಿನಲ್ಲಿ. ಸಿಪಾಯಿಗಳ ಮಕ್ಕಳಿಗೆ ಓದು ಕೊಟ್ಟದ್ದು ಆ ದಂಡೇ, ನಿಜ. ಆದರೆ 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಆ ಹುಡುಗರ ಒಳ್ಳೆಯ ಬಟ್ಟೆ ನೋಡಿ ಮೇಲುಜಾತಿಯವರೆಂದುಕೊಂಡಿದ್ದ ಸ್ಟೇಷನ್ ಮಾಸ್ತರ, ಮಹಾರರೆಂದು ತಿಳಿದ ಕೂಡಲೇ ಹಿಂದೆ ಸರಿದ. ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದು ಒಪ್ಪಿಸಿದ ಮೇಲೂ ಗಾಡಿಯವನು ಪಕ್ಕ ಕೂರಲಿಲ್ಲ. ಹುಡುಗರೇ ಗಾಡಿ ಹೊಡೆದರು. ಸುಬೇದಾರನ ಪದವಿ ಅವನ ಮಕ್ಕಳಿಗೆ ಒಂದು ಲೋಟ ನೀರು ಕೊಡಿಸಲಿಲ್ಲ.

ಸರ್ಕಾರ ಮಾಡಿದ್ದಾದರೂ ಏನು? ಬ್ರಿಟಿಷರು ಮಹಾರರನ್ನು ಬಳಸಿಕೊಂಡು 1890ರ ದಶಕದ ಆರಂಭದಲ್ಲಿ ಸೇನೆಯ ಬಾಗಿಲು ಮುಚ್ಚಿದರು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ ಅರ್ಜಿ ಬರೆದು ಹೋರಾಡಿದರು. ಬಾಗಿಲು ತೆರೆಯಲಿಲ್ಲ. ಮೊದಲ ಮಹಾಯುದ್ಧ ಬಂತು, ಹೆಣಗಳು ಬೀಳತೊಡಗಿದವು, 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, ಪಡೆ ಕರಗಿಸಿದರು. ಎರಡನೇ ಯುದ್ಧ ಬಂತು, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಎದ್ದಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನು 1946ರಲ್ಲಿ ಮುಚ್ಚಿದರು. ಬೇಕಾದಾಗ ಕರೆ, ಬೇಡವಾದಾಗ ಕಳಿಸು. ಗೆಳೆಯರೇ, ಇದು ಎಲ್ಲೋ ಕೇಳಿದಂತಿಲ್ಲವೇ? ಜಾತ್ರೆಗೆ ತಮಟೆ ಕರೆಯುವುದೂ ಹೀಗೇ.

ತಾತ ಇದನ್ನೇ ಒಂದು ಮಾತಲ್ಲಿ ಹೇಳುತ್ತಾನೆ: 'ಸಲೂಟು ಬೂಟಿಗೆ ಕಣ್ಲಾ, ಕಾಲಿಗಲ್ಲ.'

ಈಗ ಕಲಾಪ್ರೇಮಿಗಳ ಕಡೆ ತಿರುಗೋಣ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮ ಕೇರಿಗಳ ಎದೆ ಉಬ್ಬಿತು. ಅವರು ತಮಟೆಯನ್ನು ಹೆಗಲಿಗೇರಿಸಿ ತಲೆಯೆತ್ತಿ ನಿಂತರು. ನಾವು ಅವರ ದಾರಿಯನ್ನು ಗೌರವಿಸುತ್ತೇವೆ. ಆದರೆ ಆ ಪದಕ ತೋರಿಸಿ 'ನೋಡಿ, ತಮಟೆಗೆ ಎಷ್ಟು ಮರ್ಯಾದೆ, ಬನ್ನಿ ಬಡಿಯಿರಿ' ಎಂದು ಊರಗೌಡ ನಮ್ಮನ್ನು ಕರೆದರೆ ಅದು ಮೋಸ. ವೀಣೆ ನುಡಿಸುವವನಿಗೆ 'ಈ ಸಲ ನಿಮ್ಮ ಮನೆ ಸರದಿ' ಎಂದು ಯಾರಾದರೂ ಆಳು ಕಳಿಸಿದ್ದುಂಟೇ? ಸರದಿ ಹಾಕಿ ಕರೆಸುವುದು ಕಲೆಯಲ್ಲ, ಬಿಟ್ಟಿ ಚಾಕರಿ. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಅದನ್ನು ಅಪರಾಧವೆಂದಿದೆ. ಹಳ್ಳಿಯ ಮೇಷ್ಟ್ರುಗಳೇ, ಶಾಲು ಹೊದಿಸುವ ದಿನ ಮಕ್ಕಳಿಗೆ ಈ ಎರಡು ಸಾಲು ಓದಿ ಹೇಳಿ. ಶಾಲಿಗಿಂತ ಅದು ಬೆಚ್ಚಗಿರುತ್ತದೆ.

ನಮ್ಮವರ ಪ್ರಶ್ನೆಗೂ ಉತ್ತರಿಸಬೇಕು. ನಾವು ಜಾತ್ರೆಗೆ ಹೋಗದ ಮಾರನೆಯ ದಿನದಿಂದ ಕೇರಿಯ ಹೆಂಗಸರನ್ನು ಕಳೆ ಕೀಳಲು ಕರೆಯುವುದು ನಿಂತಿತು. ಅಜ್ಜಿ ನಮ್ಮನ್ನೇ ಬೈದಳು: 'ನಿಮ್ ತಾತಂಗೆ ಪಿಂಚಣಿ ಬತ್ತೈತೆ, ಒಲ್ಲೆ ಅಂದ. ನೀವು ಬಿಯೇ ಮಾಡೀರಿ, ಒಲ್ಲೆ ಅಂದ್ರಿ. ಪಕ್ಕದ ಮನೆಯೋಳು ಏನು ನೆಚ್ಕೊಂಡು ಒಲ್ಲೆ ಅನ್ಬೇಕು?' ಡಿಗ್ರಿಯ ಪೊಗರಿನಲ್ಲಿದ್ದ ನಮ್ಮ ಬಾಯಿ ಮುಚ್ಚಿತು. ನಿಜ. ತಾತನ ಧೈರ್ಯದ ಅರ್ಧ ಪಾಲು ತಿಂಗಳು ತಿಂಗಳು ಬ್ಯಾಂಕಿಗೆ ಬರುವ ಪಿಂಚಣಿಯದು. ಕೈಯಲ್ಲಿ ಕಾಸಿಲ್ಲದವರಿಗೆ ಸ್ವಾಭಿಮಾನದ ಭಾಷಣ ಮಾಡುವುದು ಸುಲಭ. ಆದ್ದರಿಂದ ತಮಟೆಯ ಪ್ರಶ್ನೆ ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಅದು ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ. ಎರಡೆಕರೆ ನೆಲವಿದ್ದವಳು ಯಾರಿಗೂ ಹೆದರದೆ ಒಲ್ಲೆ ಎನ್ನಬಲ್ಲಳು. ಭೂಮಿ ಕೇಳದೆ 'ತಮಟೆ ಬಿಡಿ' ಎಂದಷ್ಟೇ ಕೂಗುವ ಸಂಗಾತಿಗಳು ಅಜ್ಜಿಯ ಮುಂದೆ ಒಂದು ದಿನ ಬಂದು ಕೂರಲಿ.

ಆ ತಿಂಗಳು ತಾತನ ಪಿಂಚಣಿಯಲ್ಲಿ ಮೂರು ಮನೆಗೆ ರಾಗಿ ಬಂತು. ಅದನ್ನು ದಾನವೆಂದು ಅವನು ಕರೆಯಲಿಲ್ಲ. 'ರಾಶನ್' ಎಂದ.

ಕೊನೆಗೆ ಒಂದು ಮಾತು. ನಾವು ತಮಟೆ ಸುಡುವವರಲ್ಲ. ಜಾತ್ರೆಯ ರಾತ್ರಿ ಕೇರಿಯಲ್ಲಿ ಮೌನವಿತ್ತು. ಒಂಬತ್ತು ಗಂಟೆ ಹೊತ್ತಿಗೆ ತಾತ ಅಟ್ಟದಿಂದ ತಮಟೆ ಇಳಿಸಿದ. ಒಣ ಗರಿ ಹಚ್ಚಿ ಚರ್ಮ ಕಾಯಿಸಿದ. ಬೆರಳಿಂದ ತಟ್ಟಿ ನೋಡಿದ. ಆಮೇಲೆ ನಮ್ಮ ಜಗಲಿ ಮುಂದೆಯೇ ಬಡಿಯತೊಡಗಿದ. ಹುಡುಗರು ಕುಣಿದರು. ಬೈದ ಅಜ್ಜಿಯೂ ಎದ್ದಳು. ಊರಿನವರು ಬೇಲಿಯಾಚೆ ನಿಂತು ಕೇಳಿದರು.

ಕೇಳಬೇಕೆಂದಿದ್ದರೆ ಒಳಗೆ ಬನ್ನಿ, ಚಾಪೆ ಹಾಸಿದೆ. ನಮ್ಮ ತಟ್ಟೆಯಲ್ಲಿ ಉಣ್ಣಿ. ಆಳು ಮಾತ್ರ ಕಳಿಸಬೇಡಿ.