ಲ್ಯಾಬಿನ ಕಿಟಕಿಯಿಂದ: ಹೆಪ್ಪು, ಹೆಪಾರಿನ್ ಮತ್ತು ನೇರಳೆ ಮುಚ್ಚಳ

ಯುಗಾದಿ ಕೂಟದ ಊಟದ ಸಾಲಿನಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅಲ್ಲಾ ಸ್ವಾಮಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕ್ತೀರಲ್ಲ, ಅದು ನಮ್ಮ ಹೆಪ್ಪಿನಿಂದಲೇ ಬಂದ ಮಾತೇ?" ಕೈಯಲ್ಲಿದ್ದ ಮೊಸರನ್ನ ನೋಡಿ ಹೌದೆನ್ನಲು ಆಸೆಯಾಯಿತು. ಆದರೆ ಗ್ರೀಕಿನಲ್ಲಿ ಹೆಪಾರ್ ಎಂದರೆ ಯಕೃತ್ತು. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥ ಹುಡುಕುತ್ತಿದ್ದ; ನಾಯಿಯ ಯಕೃತ್ತಿನ ಸಾರದಲ್ಲಿ ಸಿಕ್ಕಿದ್ದು ತದ್ವಿರುದ್ಧ ಗುಣದ್ದು. ಆ ಶೋಧವನ್ನು ಮುಂದುವರಿಸಿದ ಅವನ ಗುರು ವಿಲಿಯಂ ಹೋವೆಲ್ 1918ರಲ್ಲಿ ಹೆಪಾರಿನ್ ಎಂಬ ಹೆಸರಿಟ್ಟರು. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಊಟದ ಸಾಲಿನಲ್ಲಿ ಇದನ್ನು ಹೇಳಲಿಲ್ಲ.

ರಕ್ತ ಕೊಡುವಾಗ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳನ್ನು ತಾವು ನೋಡಿರುತ್ತೀರಿ. ಸಾಮಾನ್ಯವಾಗಿ ಹಸಿರಿನಲ್ಲಿ ಹೆಪಾರಿನ್, ತಿಳಿನೀಲಿಯಲ್ಲಿ ಸಿಟ್ರೇಟ್, ನೇರಳೆಯಲ್ಲಿ ಇ.ಡಿ.ಟಿ.ಎ. ಹೆಪ್ಪುಗಟ್ಟಲು ರಕ್ತಕ್ಕೆ ಕ್ಯಾಲ್ಸಿಯಂ ಬೇಕು. ಸಿಟ್ರೇಟ್ ಮತ್ತು ಇ.ಡಿ.ಟಿ.ಎ. ಅದನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಹೆಪಾರಿನ್ ಕ್ಯಾಲ್ಸಿಯಂ ತಂಟೆಗೆ ಹೋಗದೆ, ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಬಲ ಕೊಡುತ್ತದೆ. ಯಾವುದಾದರೇನು ಎನ್ನುವಂತಿಲ್ಲ. ಡಿ.ಎನ್.ಎ.ಯನ್ನು ಪಿ.ಸಿ.ಆರ್. ವಿಧಾನದಲ್ಲಿ ವೃದ್ಧಿಸುವಾಗ ಹೆಪಾರಿನ್ ಆ ಕಿಣ್ವವನ್ನೇ ತಡೆಯುತ್ತದೆ. ಹಸಿರು ಟ್ಯೂಬಿನ ರಕ್ತ ಹಿಡಿದು ನಾನು ಎರಡು ವಾರ ಕಳೆದದ್ದುಂಟು. ಯಂತ್ರವನ್ನು ಬೈದದ್ದೂ ಉಂಟು.

ಇಷ್ಟೆಲ್ಲ ಬರೆಯಲು ಕಾರಣ ಬೇರೆ. ನಮ್ಮ ಸಂಘದ ಒಬ್ಬ ಗೃಹಿಣಿಗೆ ಮಾಮೂಲು ತಪಾಸಣೆಯಲ್ಲಿ ಪ್ಲೇಟ್‌ಲೆಟ್ 38,000 ಎಂದು ಬಂತು. ಒಂದು ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಮೈಮೇಲೆ ಒಂದು ಕಲೆಯಿಲ್ಲ, ವಸಡಿನಲ್ಲಿ ರಕ್ತವಿಲ್ಲ. ಆದರೂ ಮನೆಯಲ್ಲಿ ಒಲೆ ಹಚ್ಚಲಿಲ್ಲ. ರಾತ್ರಿ ಹನ್ನೊಂದಕ್ಕೆ ಯಜಮಾನರು ನನಗೆ ಫೋನ್ ಮಾಡಿ, "ಕ್ಯಾನ್ಸರೇ ಇರಬಹುದೇನ್ರೀ?" ಎಂದರು. ನಾನು ವೈದ್ಯನಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೇ ಎಂದು ಡಾಕ್ಟರನ್ನು ಕೇಳಿ ಎಂದಷ್ಟೇ ಹೇಳಿದೆ.

ಮರುದಿನ ನೋಡಿದಾಗ ಪ್ಲೇಟ್‌ಲೆಟ್‌ಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿದ್ದವು. ಎಣಿಸುವ ಯಂತ್ರಕ್ಕೆ ಗೊಂಚಲು ಬಿಡಿಸಲು ಬರುವುದಿಲ್ಲ. ಸುಮಾರು ಸಾವಿರಕ್ಕೊಬ್ಬರ ರಕ್ತದಲ್ಲಿ ಇರುವ ಒಂದು ಪ್ರತಿಕಾಯ, ಇ.ಡಿ.ಟಿ.ಎ. ಸೇರಿದಾಗ ಟ್ಯೂಬಿನೊಳಗೆ ಮಾತ್ರ ಹೀಗೆ ಮಾಡುತ್ತದೆ. ದೇಹದೊಳಗೆ ಏನೂ ಆಗಿರುವುದಿಲ್ಲ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದರು. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ನೀರಿರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಎರಡು ಲಕ್ಷದ ಮೇಲೆ ಬಂತು. (ಕೆಲವರಿಗೆ ಸಿಟ್ರೇಟಿನಲ್ಲೂ ಗೊಂಚಲಾಗುವುದುಂಟು. ಕಡಿಮೆ ಸಂಖ್ಯೆ ಬಂದವರೆಲ್ಲ ಇದೇ ಇರಬೇಕೆಂದು ಸುಮ್ಮನೆ ಕೂರಬಾರದು.)

ಈಗ ಆಕೆಯ ಪರ್ಸಿನಲ್ಲಿ ಒಂದು ಚೀಟಿ ಇದೆ: ಇ.ಡಿ.ಟಿ.ಎ.ಯಲ್ಲಿ ಪ್ಲೇಟ್‌ಲೆಟ್ ಗೊಂಚಲಾಗುತ್ತದೆ. ಮೈಸೂರಿನಲ್ಲಿ ಅವರ ತಾಯಿ ಅಷ್ಟರಲ್ಲೇ ನಂಜನಗೂಡಿಗೆ ಹರಕೆ ಹೊತ್ತಾಗಿತ್ತು. ರಜೆಗೆ ಹೋದಾಗ ತೀರಿಸಿ ಬರುತ್ತಾರಂತೆ.