ಮೊರಿಯಾಸು ಹೆಸರು: ತಕ್ಕಷ್ಟೋ, ಕಡಿಮೆಯೋ?

ಹಾಜಿಮೆ ಮೊರಿಯಾಸು 2018ರಲ್ಲಿ ಜಪಾನ್ ಫುಟ್‌ಬಾಲ್ ತಂಡದ ಕೋಚ್ ಆದಾಗ ಅವರನ್ನು ದೇಶದ ಹೊರಗೆ ಬಲ್ಲವರು ವಿರಳ. 2022ರ ವಿಶ್ವಕಪ್‌ನಲ್ಲಿ ಅವರ ತಂಡ ಜರ್ಮನಿ, ಸ್ಪೇನ್ ಎರಡನ್ನೂ ಮಣಿಸಿತು. ಆದರೂ ಇಟಲಿಯಲ್ಲಿ ಆಡಿ ಮನೆಮಾತಾದ ಹಿದೆತೋಶಿ ನಕಾತಾ ಅವರಿಗಿದ್ದಷ್ಟು ಖ್ಯಾತಿ ಇವರಿಗೆ ದಕ್ಕಿಲ್ಲ. ಇದು ನ್ಯಾಯವೇ ಎಂಬುದರಲ್ಲಿ ಆಟ ಬಲ್ಲವರಲ್ಲೇ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ.

ಅನ್ಯಾಯವೆನ್ನುವವರ ವಾದ ಹೀಗೆ: ಮೊರಿಯಾಸು ರಕ್ಷಣೆಗೆ ಒತ್ತುಕೊಡುವ ಮಿಡ್‌ಫೀಲ್ಡರ್ ಆಗಿದ್ದವರು. ದೇಶಕ್ಕಾಗಿ 35 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು. 1993ರಲ್ಲಿ ದೋಹಾದ ಅರ್ಹತಾ ಪಂದ್ಯದಲ್ಲಿ ಇರಾಕ್ ಕೊನೆಗಳಿಗೆಯಲ್ಲಿ ಸಮಬಲ ಸಾಧಿಸಿದ್ದರಿಂದ ಅವರ ಪೀಳಿಗೆಗೆ ವಿಶ್ವಕಪ್ ಕೈತಪ್ಪಿತು. ಹೀಗೆ ಆಟಗಾರನಾಗಿ ದೊರೆಯದ ಹೆಸರನ್ನು ಅವರು ಕೋಚ್ ಆಗಿಯೇ ಗಳಿಸಬೇಕಾಯಿತು. ಸಾನ್‌ಫ್ರೆಚ್ಚೆ ಹಿರೋಶಿಮಾ ಕ್ಲಬ್‌ಗೆ 2012, 2013, 2015ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟರು.

ಪ್ರತಿವಾದವೂ ಹಗುರವಲ್ಲ. ಹಿರೋಶಿಮಾದ ಆಟದ ಶೈಲಿಯನ್ನು ರೂಪಿಸಿದವರು ಹಿಂದಿನ ಕೋಚ್ ಮಿಹಾಯ್ಲೊ ಪೆಟ್ರೋವಿಚ್; ಮೊರಿಯಾಸು ಅದನ್ನು ಬೆಳೆಸಿದರು. ಏಷ್ಯನ್ ಕಪ್ ಅನ್ನು ನಾಲ್ಕು ಬಾರಿ ಗೆದ್ದ ದೇಶ ಇವರ ಕೈಕೆಳಗೆ 2019ರ ಫೈನಲ್‌ನಲ್ಲಿ ಕತಾರ್‌ಗೆ, 2024ರ ಕ್ವಾರ್ಟರ್ ಫೈನಲ್‌ನಲ್ಲಿ ಇರಾನ್‌ಗೆ ಸೋತಿತು. 2022ರ ವಿಶ್ವಕಪ್ ಪಯಣವೂ ಕ್ರೊಯೇಶಿಯಾ ಎದುರು ಪೆನಾಲ್ಟಿಯಲ್ಲಿ, ಹದಿನಾರರ ಘಟ್ಟದಲ್ಲೇ ಮುಗಿಯಿತು. ಅಲ್ಲಿಯವರೆಗೆ ಜಪಾನ್ ಮೊದಲೂ ಮೂರು ಸಲ ತಲುಪಿತ್ತು.

ಬೆಂಬಲಿಗರು ಜರ್ಮನಿ ಪಂದ್ಯವನ್ನು ಮುಂದಿಡುತ್ತಾರೆ. ಒಂದು ಗೋಲಿನ ಹಿನ್ನಡೆಯಲ್ಲಿದ್ದಾಗ ಮೊರಿಯಾಸು ವಿರಾಮದ ನಂತರ ಮೂವರು ರಕ್ಷಕರ ವ್ಯೂಹಕ್ಕೆ ಬದಲಾದರು. ಗೆಲುವಿನ ಎರಡೂ ಗೋಲು ಹೊಡೆದ ದೋಆನ್ ಮತ್ತು ಅಸಾನೊ, ಅವರೇ ಬದಲಿಯಾಗಿ ಇಳಿಸಿದವರು.

ಅದೇ ಗೋಲುಗಳು ಎದುರು ಪಕ್ಷಕ್ಕೂ ಸಾಕ್ಷಿ: ಇಬ್ಬರೂ ಆಗ ಜರ್ಮನ್ ಕ್ಲಬ್‌ಗಳಲ್ಲಿ ಪಳಗುತ್ತಿದ್ದವರು. 26 ಮಂದಿಯ ತಂಡದಲ್ಲಿ 19 ಮಂದಿ ವಿದೇಶದಲ್ಲಿ ಆಡುತ್ತಿದ್ದರು. ಇಂಥ ತಂಡ ಹಿಂದಿನ ಕೋಚ್‌ಗಳಿಗೆ ಸಿಕ್ಕಿರಲಿಲ್ಲ. ಜರ್ಮನಿಯ ನಂತರದ ಪಂದ್ಯಕ್ಕೆ ಐವರನ್ನು ಬದಲಿಸಿ ಕೋಸ್ಟರಿಕಾಗೆ ಸೋತದ್ದೂ ಅವರದೇ ನಿರ್ಧಾರದ ಫಲ ಎನ್ನುವವರಿದ್ದಾರೆ. ಆದರೆ ದಣಿದವರಿಗೆ ವಿಶ್ರಾಂತಿ ಕೊಡದಿದ್ದರೆ ಸ್ಪೇನ್ ಎದುರು ಕಸುವು ಉಳಿಯುತ್ತಿತ್ತೇ ಎಂಬುದನ್ನೂ ಕೇಳಬೇಕಾಗುತ್ತದೆ.

ಎರಡೂ ಕಡೆಯನ್ನು ತೂಗಿದರೆ, ಪ್ರತಿಭಾವಂತ ಪೀಳಿಗೆಯ ಶ್ರೇಯಸ್ಸನ್ನು ಮೊರಿಯಾಸು ಅವರ ಲೆಕ್ಕಕ್ಕೆ ಬರೆಯುವುದು ಸರಿಯಾಗದು. 1993ರಲ್ಲಿ ಆರಂಭವಾದ ಜಪಾನಿನ ಜೆ ಲೀಗ್ ಮತ್ತು ಯುರೋಪಿನ ಕ್ಲಬ್‌ಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ಆದರೆ ಆ ಪೀಳಿಗೆಯನ್ನು ಯಾವಾಗ, ಹೇಗೆ ಕಣಕ್ಕಿಳಿಸಬೇಕೆಂಬ ತೀರ್ಮಾನ ಅವರದೇ. ಅದನ್ನು ಬೇರೆಯಾಗಿ ಎಣಿಸಿದರೆ, ಜಪಾನಿನ ಹೊರಗೆ ಅವರಿಗೆ ಸಿಗುವ ಮನ್ನಣೆ ಸ್ವಲ್ಪ ಕಡಿಮೆಯೆಂದೇ ತೋರುತ್ತದೆ. ಏಷ್ಯನ್ ಕಪ್ ಇಲ್ಲದೆ ಅವರನ್ನು ಜಪಾನಿನ ಶ್ರೇಷ್ಠ ಕೋಚ್ ಎಂದು ಕರೆಯುವುದು ಮಾತ್ರ ಅವಸರವಾದೀತು.