ರಕ್ತದ ರಿಪೋರ್ಟ್ ನಂಬಿ ಉಳಿದ ತಪಾಸಣೆ ಬಿಡಬೇಡಿ!



‘ರಕ್ತ ಕೊಡಿ, ಹತ್ತಾರು ಬಗೆಯ ಕ್ಯಾನ್ಸರನ್ನು ಮೊದಲೇ ತಿಳಿಯಿರಿ’ ಎಂದು ಹೇಳುವವರಿದ್ದಾರೆ. ದುಡ್ಡು ಕಟ್ಟುವ ಮುನ್ನ ಇದನ್ನು ಓದಿ.

ವಿಜ್ಞಾನ ಸುಳ್ಳಲ್ಲ. ಸಾಯುವ ಜೀವಕೋಶಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಕ್ಯಾನ್ಸರ್ ಗಡ್ಡೆಯಿಂದ ಬಂದ ಚೂರುಗಳ ಮೇಲಿನ ರಾಸಾಯನಿಕ ಗುರುತುಗಳೇ ಬೇರೆ. ಇಂಥ ಪರೀಕ್ಷೆಗಳು ಹುಡುಕುವುದು ಹೆಚ್ಚಾಗಿ ಅವನ್ನೇ. ಹಾಂಗ್‌ಕಾಂಗ್‌ನಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಅವರ ತಂಡ 20,000ಕ್ಕೂ ಹೆಚ್ಚು ಗಂಡಸರ ರಕ್ತದಲ್ಲಿ, ಮೂಗಿನ ಹಿಂಭಾಗದ ಕ್ಯಾನ್ಸರಿಗೆ ನಂಟಿರುವ ಒಂದು ವೈರಸ್ಸಿನ ಡಿಎನ್‌ಎ ಹುಡುಕಿ, ಆ ಕ್ಯಾನ್ಸರನ್ನು ಬಹುಪಾಲು ಮೊದಲೆರಡು ಹಂತಗಳಲ್ಲೇ ಹಿಡಿಯಿತು. 2017ರಲ್ಲಿ ಪ್ರಕಟವಾದ ಈ ಗೆಲುವು ದೊಡ್ಡದು. ಆದರೆ ಅದು ಒಂದೇ ಬಗೆಯ ಕ್ಯಾನ್ಸರ್.

ಹತ್ತಾರು ಬಗೆಯನ್ನು ಒಟ್ಟಿಗೆ ಹುಡುಕಿದರೆ? ‘ಗ್ಯಾಲರಿ’ ಎಂಬ ಇಂಥ ರಕ್ತ ಪರೀಕ್ಷೆಯ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ನಾಲ್ಕನೇ ಹಂತದ ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಅದು ಗುರುತಿಸಿತು. ಮೊದಲ ಹಂತದವರಲ್ಲಿ ನೂರಕ್ಕೆ ಸುಮಾರು 17 ಮಂದಿಯನ್ನು ಮಾತ್ರ! ಗಡ್ಡೆ ಸಣ್ಣದಿದ್ದಾಗ ರಕ್ತಕ್ಕೆ ಬೀಳುವ ಚೂರುಗಳೂ ಕಡಿಮೆ. ಹಾಗಾಗಿ ಗುಣವಾಗುವ ಸಾಧ್ಯತೆ ಹೆಚ್ಚಿರುವ ಹಂತದಲ್ಲೇ 83 ಮಂದಿಯ ಕೈಗೆ ‘ಏನೂ ಇಲ್ಲ’ ಎಂಬ ಕಾಗದ ಬರುತ್ತದೆ. ಬಾಯಲ್ಲಿ ಬಿಳಿ ಮಚ್ಚೆ ಇರುವವರು ಆ ಕಾಗದ ನಂಬಿ ಮನೆಯಲ್ಲಿ ಕೂತರೆ ಗತಿಯೇನು?

ನಮ್ಮ ದೇಶವನ್ನು ಹೆಚ್ಚು ಕಾಡುವ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಅನುಮಾನಿಸಬಹುದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡಿದರು. ಆ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ತಿರುವನಂತಪುರದಲ್ಲಿ ಬಾಯಿ ತಪಾಸಣೆಯಿಂದ, ತಂಬಾಕು ಇಲ್ಲವೇ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತು. ರಕ್ತ ಪರೀಕ್ಷೆ ಅಗ್ಗವಾಗಲಿ, ಚುರುಕಾಗಲಿ, ನಮ್ಮ ವಿರೋಧವಿಲ್ಲ. ಜೀವ ಉಳಿಸಿ ತೋರಿಸಿದ ತಪಾಸಣೆಯ ಜಾಗವನ್ನು ಅದು ಈಗಲೇ ಕಸಿಯಬಾರದು.

ಆದ್ದರಿಂದ:

● 30 ವರ್ಷ ದಾಟಿದವರೆಲ್ಲ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ. ದಿನ, ಸಮಯ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

● ಆರದ ಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇದ್ದರೆ, ರಿಪೋರ್ಟ್ ಏನೇ ಹೇಳಲಿ, ವೈದ್ಯರಿಗೆ ತೋರಿಸಿ.

● ಮೊದಲ ಹಂತದಲ್ಲಿ ತಮ್ಮ ಪರೀಕ್ಷೆ ನೂರಕ್ಕೆ ಎಷ್ಟು ಮಂದಿಯನ್ನು ಹಿಡಿಯುತ್ತದೆ ಎಂಬುದನ್ನು ಮಾರುವವರು ರಿಪೋರ್ಟಿನ ಮೇಲೆಯೇ ಕನ್ನಡದಲ್ಲಿ ಅಚ್ಚುಹಾಕಲಿ. ಸರ್ಕಾರ ಇದನ್ನು ಕಡ್ಡಾಯ ಮಾಡಲಿ.

ಓದಿ ಬಿಸಾಡಬೇಡಿ. ಪಕ್ಕದ ಮನೆಗೆ ಕೊಡಿ. ತಪಾಸಣೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.